ನಕ್ಷೆಯ ಮೇಲೆ ಹಾಸಿದ ಕಂಬಳಿ

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ವರ್ಷ, ಹಿರಿಯೂರು ಕಡೆಯ ನಮ್ಮ ಹಳ್ಳಿಯ ಶಾಲೆಯಂಗಳದ ತುಂಬ ಮೇಷ್ಟ್ರು ಸುಣ್ಣದಲ್ಲಿ ರಾಜ್ಯದ ನಕ್ಷೆ ಬರೆದರು. ಕೊಡಗಿನ ಮೇಲೆ ಕಾಫಿಪುಡಿ ಪೊಟ್ಟಣ, ಮೈಸೂರಿನ ಮೇಲೆ ಗಂಧದ ಸೋಪು. ಕೋಲಾರಕ್ಕೆ ಚಿನ್ನ ಸಿಗದೆ ಶಾಲೆಯ ಹಿತ್ತಾಳೆ ಗಂಟೆ ಇಟ್ಟರು. ನಮ್ಮದೇ ಜಿಲ್ಲೆ ಚಿತ್ರದುರ್ಗ ಮಾತ್ರ ಬರಿದಾಗಿತ್ತು.

ಅಲ್ಲಿಡಲೆಂದೇ ಅವ್ವ, ತಾನು ಉಣ್ಣೆ ನೂತು ಅಪ್ಪ ನೇಯ್ದಿದ್ದ ಕರಿ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಒಣಗಿಸಿ ತಂದಿದ್ದಳು.

“ಕುರಿ ವಾಸನೆ ಹೊಡಿತೈತೆ, ತಗಂಡು ಹೋಗಮ್ಮ. ದೊಡ್ಡೋರು ಬರ್ತಾರೆ,” ಎಂದು ಮೇಷ್ಟ್ರು ಮೂಗು ಮುಚ್ಚಿಕೊಂಡರು. ಚಳಿಗಾಲದಲ್ಲಿ ಅದೇ ಮೂಗು ನಮ್ಮ ಮನೆಯ ಕಂಬಳಿಯೊಳಗೇ ಬೆಚ್ಚಗಿರುತ್ತಿತ್ತು.

ಭಾಷಣಕ್ಕೆ ಕರೆಸಿದ್ದ ದೊಡ್ಡವರೊಬ್ಬರು ಜೀಪಿನಲ್ಲಿ ಬಂದಿಳಿದರು. ಮೇಷ್ಟ್ರು ಕುರ್ಚಿ ತೋರಿಸಿದ್ದೇ ತಡ, ಊರ ಗೌಡರು ಅಡ್ಡ ಬಂದರು.

“ಏನ್ರಿ ಮೇಷ್ಟ್ರೇ, ಕಂಬಳಿ ಹಾಸ್ದೆ ಬಂದೋರನ್ನ ಕೂರಿಸ್ತೀರಾ? ಊರ ಮರ್ಯಾದೆ ಏನಾಗ್ಬೇಕು?”

ಅಂಗಳದಂಚಿನಲ್ಲಿ ಕಂಬಳಿ ಹಿಡಿದು ಕೂತಿದ್ದ ಅವ್ವನೆದುರು ಮೇಷ್ಟ್ರು ಓಡಿಬಂದು ಹಲ್ಲುಗಿಂಜಿದರು.

“ರಾಜ್ಯದಾಗೆ ಜಾಗ ಇಲ್ದಿದ್ದು ಕುಂಡಿ ಕೆಳಗೆ ಯಾಕೆ ಬೇಕ್ರಿ?” ಎಂದಳು ಅವ್ವ. ಆದರೂ ಎದ್ದಳು. ನೆಟ್ಟಗೆ ನಕ್ಷೆಯೊಳಗೆ ನಡೆದು, ಬರಿದಾಗಿದ್ದ ದುರ್ಗದ ಮೇಲೆ ಕಂಬಳಿ ಹಾಸಿ, “ಇಲ್ಲೇ ಕುಂತ್ಕಳ್ರಿ” ಎಂದಳು.

ಗೌಡರು ತಲೆಯಾಡಿಸಿದ ಮೇಲೆ ಅತಿಥಿ ವಿಧಿಯಿಲ್ಲದೆ ಕೂತರು. ನಾಡಿನ ಇತಿಹಾಸ, ನದಿ, ಗಣಿ, ಕಾಫಿ ಎಂದು ಹೊತ್ತು ನೆತ್ತಿಗೇರುವವರೆಗೂ ಹೊಗಳಿದರು. ತಾವು ಕೂತ ಜಿಲ್ಲೆಯ ಹೆಸರು ಮಾತ್ರ ಅವರ ಬಾಯಿಗೆ ಬರಲೇ ಇಲ್ಲ.

ಅವರು ಎದ್ದ ಮೇಲೆ ಅವ್ವ ಕಂಬಳಿಯನ್ನೆತ್ತಿ ಮೂಸಿದಳು. “ಸೆಂಟಿನ ವಾಸನೆ ಹೊಡಿತೈತೆ, ಬಿಸಿಲಿಗೆ ಹಾಕ್ಬೇಕು,” ಎಂದು ಮೇಷ್ಟ್ರಿಗೆ ಕೇಳುವಂತೆ ಹೇಳಿ, ಕೊಡವಿ ಹೆಗಲಿಗೇರಿಸಿಕೊಂಡು ಮನೆಗೆ ನಡೆದಳು.