ಟೈಲರಕ್ಕನಿಗೆ ನಾನು ಓದಿ ಹೇಳದ ಸಾಲು

ಮೊನ್ನೆ ಬಿಜೈಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನ ಹೋಟೆಲಿನಿಂದ ಜೀಗುಜ್ಜೆ ಪೋಡಿ, ಅಂದರೆ ದೀವಿಹಲಸಿನ ಬಜ್ಜಿ, ಕರಿಯುವ ವಾಸನೆ ಬಂತು. ಕಡಲೆಹಿಟ್ಟು, ಇಂಗು, ಕಾದ ತೆಂಗಿನೆಣ್ಣೆ... ನನ್ನ ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ. ಪಡೀಲಿನ ಟೈಲರಕ್ಕ ನೆನಪಾಗಿದ್ದರು.

ಮದುವೆಯಾಗಿ ಘಟ್ಟದ ಮೇಲಿಂದ ಪಡೀಲಿಗೆ ಬಂದ ಹೊಸತು. ನನಗೆ ತುಳು ಬರುತ್ತಿರಲಿಲ್ಲ. ನಮ್ಮ ಬಾಡಿಗೆ ಮನೆಗೆ ತಾಗಿದ ಕೋಣೆಯಲ್ಲಿ ಅವರು ರವಿಕೆ ಹೊಲಿಯುತ್ತಿದ್ದರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನನ್ನನ್ನು ಕರೆದು ಕನ್ನಡದಲ್ಲಿ ಮಾತಾಡಿಸಿದ ಮೊದಲ ನೆರೆಯವರು ಅವರೇ. ಸಕ್ಕರೆ ಕಾಯಿಲೆ ಅವರಿಗೆ ಬಹಳ ವರ್ಷಗಳಿಂದ ಇತ್ತು. ನನ್ನ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ದಿನ ಸೂಜಿಗೆ ದಾರ ಪೋಣಿಸಿಕೊಡಲು ಕರೆದರು. ಮರುದಿನವೂ ಕರೆದರು. ಆಮೇಲೆ ದಿನಾ...

ಕಣ್ಣಿನೊಳಗೆ ರಕ್ತ ಒಸರುತ್ತಿದೆ, ಮೊದಲು ಶುಗರ್ ಇಳಿಸಿಕೊಂಡು ಬನ್ನಿ ಎಂದರು ಡಾಕ್ಟರು. ಪಥ್ಯದ ಒಂದು ಇಂಗ್ಲಿಷ್ ಹಾಳೆಯನ್ನೂ ಕೊಟ್ಟಿದ್ದರು. ಅಕ್ಕ ಅದನ್ನು ನನ್ನ ಕೈಗಿಟ್ಟರು.

"ಎಂತ ಉಂಟು ಓದು ಮಾರಾಯ್ತಿ. ಬಿಡಲಿಕ್ಕೆ ಹೇಳಿದ್ದೆಲ್ಲ ಬಿಡ್ತೇನೆ."

ನಾನು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ. ಮೇಲಿನ ನಾಲ್ಕು ಸಾಲು ನೋಡಿ, ಸಕ್ಕರೆ ಬೆಲ್ಲ ಬೇಡ, ಅನ್ನ ಕಡಿಮೆ, ತರಕಾರಿ ಜಾಸ್ತಿ ಎಂದು ಹೇಳಿ, ಹಾಳೆ ಮಡಚಿಕೊಟ್ಟು ಓಡಿದೆ.

ಅವರು ನಿಜವಾಗಿಯೂ ಬಿಟ್ಟರು. ಕಡಿಮೆ ಮಾಡಬೇಕಾದ ಅನ್ನವನ್ನು ಪೂರ್ತಿ ಬಿಟ್ಟರು. ಹಸಿವಾದಾಗ ತರಕಾರಿ ಎಂದುಕೊಂಡು ಬಟಾಟೆ ಪಲ್ಯ, ಬೇಯಿಸಿದ ಮರಗೆಣಸು ತಿಂದರು. ನಮ್ಮ ಅಂಗಳದ ಮರದಲ್ಲಿ ಜೀಗುಜ್ಜೆ ಬಿಟ್ಟ ಮೇಲೆ ಮಧ್ಯಾಹ್ನಕ್ಕೆ ನಾನೇ ಪಲ್ಯವನ್ನೋ ಪೋಡಿಯನ್ನೋ ಒಯ್ಯುತ್ತಿದ್ದೆ. "ಇದಾದರೂ ಉಂಟಲ್ಲ" ಎನ್ನುತ್ತ ಬಟ್ಟಲು ಖಾಲಿ ಮಾಡುತ್ತಿದ್ದರು. ನನಗೆ ಖುಷಿಯಾಗುತ್ತಿತ್ತು.

ಶುಗರ್ ಇಳಿಯಲಿಲ್ಲ. ಮಾತ್ರೆ ಹೆಚ್ಚಿಸಿದರು, ಆದರೂ ಇಳಿಯಲಿಲ್ಲ. ಒಂದು ಬೆಳಿಗ್ಗೆ ಹೋದಾಗ ಮೆಷಿನಿನ ಮುಂದೆ ಕೂತು ಅಳುತ್ತಿದ್ದರು. ಮದುಮಗಳೊಬ್ಬಳ ರವಿಕೆಗೆ ತೋಳನ್ನು ಒಳಹೊರಗು ಮಾಡಿ ಹೊಲಿದಿದ್ದರು.

"ಸಕ್ಕರೆ ಬಿಟ್ಟೆ, ಅನ್ನ ಬಿಟ್ಟೆ. ಇನ್ನು ಎಂತ ಬಿಡುದು ಹೇಳು. ಕಣ್ಣು ಹೋದ್ರೆ ನಾನು ಹೇಗೆ ಬದುಕುದು?"

ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಪಥ್ಯ ಹೇಳುವವರು, ಅಕ್ಕ ತಿನ್ನುವುದನ್ನೆಲ್ಲ ಕೇಳಿ ಬರೆದುಕೊಳ್ಳುತ್ತ, ನಡುವೆ ಪೆನ್ನು ನಿಲ್ಲಿಸಿದರು.

"ಬಟಾಟೆ, ಮರಗೆಣಸು, ಜೀಗುಜ್ಜೆ ಎಲ್ಲ ಅನ್ನದ ಹಾಗೆಯೇ ಅಮ್ಮ. ಒಂದು ತುಂಡು ತಿನ್ನಬಹುದು, ಬಟ್ಟಲು ತುಂಬ ಅಲ್ಲ. ಮೊದಲೇ ಕೊಟ್ಟ ಹಾಳೆಯಲ್ಲಿ ಉಂಟಲ್ಲ. ಯಾರೂ ಓದಿ ಹೇಳ್ಲಿಲ್ವಾ?"

ಅಕ್ಕ ನನ್ನ ಕಡೆಗೆ ತಿರುಗಿದರು. ಮಂಜಾದ ಆ ಕಣ್ಣುಗಳಿಗೆ ನನ್ನ ಮುಖ ಎಷ್ಟು ಕಂಡಿತೋ...

"ಇವಳು ಓದಿದ್ದಾಳೆ. ನಾನೇ ಮರೆತದ್ದು" ಎಂದರು.

ನಾನು ಅವರ ಚೀಲ ಎತ್ತಿಕೊಂಡು ಎದ್ದೆ. ವಾಪಸು ಬರುವಾಗ ಬಸ್ಸಿನಿಂದ ಇಳಿಯಲು ಅವರು ನನ್ನ ಕೈಯನ್ನೇ ಹಿಡಿದರು.

ಆಮೇಲೆ ಶುಗರ್ ಇಳಿಯಿತು. ಅಷ್ಟರಲ್ಲಿ ಬಲಗಣ್ಣು ಹೋಗಿತ್ತು, ಎಡಗಣ್ಣಿನಲ್ಲಿ ಬೆಳಕು ಮಾತ್ರ ತಿಳಿಯುತ್ತಿತ್ತು. ಅವರ ಅಣ್ಣ ಬಂದು ಬಂಟ್ವಾಳದ ಕಡೆಯ ತನ್ನ ಮನೆಗೆ ಕರೆದುಕೊಂಡು ಹೋದರು. ಅಲ್ಲಿಗೆ ಒಮ್ಮೆ ಹೋಗಿದ್ದೆ, ಹಾಳೆಯನ್ನು ಪೂರ್ತಿ ಓದಿರಲಿಲ್ಲ ಎಂದು ಹೇಳಿಬಿಡಬೇಕೆಂದೇ. ಅಕ್ಕ ನನ್ನ ಧ್ವನಿ ಹಿಡಿದು ನಕ್ಕರು, ಮಕ್ಕಳ ಬಗ್ಗೆ ವಿಚಾರಿಸಿದರು. ನಾನು ಮಕ್ಕಳ ಶಾಲೆಯ ಮಾತಾಡಿ ಎದ್ದು ಬಂದೆ. ಮುಂದಿನ ವರ್ಷ ಮೂತ್ರಪಿಂಡವೂ ಕೈಕೊಟ್ಟಿತು. ಸುದ್ದಿ ನನಗೆ ತಲುಪುವಾಗ ಎಲ್ಲ ಮುಗಿದಿತ್ತು.

ಈಗ ನನಗೆ ಅಂದಿನ ಅವರ ವಯಸ್ಸು. ಹೇಳಬೇಕಾದ ಮಾತು ಹಾಗೆಯೇ ಉಳಿದಿದೆ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಒಬ್ಬರೇ ಇದ್ದರು... ಅವರಿಗೆ ಅದು ಅಂದೇ ಗೊತ್ತಿತ್ತು.