ನಿಂಬೆ ಮೇಡಂ ಕೋಣೆಯ ಎಸಿ

ಪ್ರಯೋಗಾಲಯದಲ್ಲಿ ಆಕೆಗೆ ನಿಂಬೆ ಮೇಡಂ ಎಂದೇ ಹೆಸರು. ಆ ಹೆಸರು ಆಕೆಯ ನಾಲಿಗೆಗೂ ಒಪ್ಪುತ್ತದೆ ಎಂದು ಗಂಡ ಹೇಳುತ್ತಿದ್ದ, ಕೇಳಿಸದಷ್ಟು ದೂರ ನಿಂತು. ಕಿತ್ತಳೆಯ ಕಸಿಗೆ ಬುಡವಾಗುವ ಕಾಡುನಿಂಬೆ ಸಸಿಯೊಳಗೆ, ಬೇರು ಕೊಳೆಯದಂತೆ ಕಾಯುವ ಜೀನೊಂದನ್ನು ಸೇರಿಸುವುದು ಆಕೆಯ ಕೆಲಸ. ಅದನ್ನು ಹೊತ್ತೊಯ್ಯುವ ಕೂಲಿ ಒಂದು ಬ್ಯಾಕ್ಟೀರಿಯಾ. ಹೇಳಲು ಇಷ್ಟೇ. ಸಸಿ ಬಲಿತಿದ್ದರೆ ಕೂಲಿಯನ್ನು ಒಳಗೇ ಬಿಡದು, ತೀರಾ ಎಳೆಯದಾದರೆ ಸತ್ತೇ ಹೋಗುತ್ತದೆ. ಬ್ಯಾಕ್ಟೀರಿಯಾ ಕಡಿಮೆಯಾದರೆ ಕೆಲಸ ಕೆಡುತ್ತದೆ, ಹೆಚ್ಚಾದರೆ ಅದು ಉಂಡ ಮನೆಗೇ ಎರಡು ಬಗೆದು ಕಾಂಡವನ್ನು ಕೊಳೆಸುತ್ತದೆ.

ವರ್ಷಗಟ್ಟಲೆ ಹೀಗೇ ನಡೆದು ನಿರ್ದೇಶಕರ ತಾಳ್ಮೆ ಮುಗಿದಿತ್ತು. “ಈ ಸಲವೂ ಆಗ್ಲಿಲ್ಲ ಅಂದ್ರೆ ಕೋಣೆ ಆಲೂಗಡ್ಡೆಯವರಿಗೆ ಕೊಟ್ಬಿಡ್ತೀನಿ,” ಎಂದಿದ್ದರು. ಆಲೂಗಡ್ಡೆಯವರು ಎಂದರೆ ಪಕ್ಕದ ಕೋಣೆಯ ದಢೂತಿ ವಿಜ್ಞಾನಿ; ಮಾತಾಡುತ್ತಲೇ ಬೆವರುವ ಪ್ರಾಣಿ.

ಆಕೆ ಕಾಂಡದ ತುಂಡುಗಳನ್ನು ಬ್ಯಾಕ್ಟೀರಿಯಾದ ನೀರಿನಲ್ಲಿ ಅದ್ದಿ, ತಟ್ಟೆಗಳಲ್ಲಿ ಜೋಡಿಸಿ, ಎರಡು ದಿನ ಕತ್ತಲಲ್ಲಿಟ್ಟಳು. ತೊಳೆಯಲೆಂದು ಬಂದು ಬಾಗಿಲು ತೆಗೆದರೆ ಮೈ ಕೊರೆಯುವ ಚಳಿ! ಮೇಜಿನ ಮೇಲೆ ಯಾರದೋ ಅಳತೆ ಟೇಪು. ಸೀದಾ ಪಕ್ಕದ ಕೋಣೆಗೆ ನುಗ್ಗಿದಳು.

“ನನ್ನ ಕೋಣೆಗೆ ಯಾಕ್ರೀ ಬಂದ್ರಿ?”

“ನನ್ನ ಆಲೂಗಡ್ಡೆ ರ‍್ಯಾಕು ಅಲ್ಲಿ ಹಿಡಿಯುತ್ತಾ ಅಂತ ನೋಡೋಕೆ ಬಂದಿದ್ದೆ ಮೇಡಂ. ಸೆಕೆ ಆಯ್ತು, ಎಸಿ ಸ್ವಲ್ಪ ತಗ್ಗಿಸಿದೆ. ಮತ್ತೆ ಮರೆತೇ ಹೋಯ್ತು.”

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ! ನನ್ನ ಸಸಿಗಳಿಗೆ ಚಟ್ಟ ಕಟ್ಟಿಬಿಟ್ರಲ್ರೀ!”

ಅವತ್ತು ಮನೆಗೆ ಬಂದು “ಎಲ್ಲಾ ಹೋಯ್ತು ಕಣ್ರೀ” ಎಂದು ಅತ್ತಳು. ಯಾರೋ ತೀರಿಕೊಂಡರೆಂದು ಗಂಡ ಗಾಬರಿಯಾಗಿ ಅತ್ತೆಗೆ ಫೋನು ಮಾಡಿ, ಅತ್ತೆಯ ಆರೋಗ್ಯವನ್ನೇ ವಿಚಾರಿಸಿದ.

ಆದರೆ ಕೆಲವು ವಾರಗಳಲ್ಲಿ ಆ ತುಂಡುಗಳು ಚಿಗುರಿದವು. ಜೀನು ಸೇರಿದ್ದರೆ ಪರೀಕ್ಷೆಯ ದ್ರಾವಣದಲ್ಲಿ ಅದ್ದಿದ ಚಿಗುರು ನೀಲಿಯಾಗುತ್ತದೆ. ಒಂದಲ್ಲ, ತಟ್ಟೆ ತುಂಬ ನೀಲಿ! ಆಕೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆಮೇಲೆ ಯೋಚನೆ ಹತ್ತಿತು: ಸಸಿ ಅದೇ, ಬ್ಯಾಕ್ಟೀರಿಯಾ ಅದೇ, ಬದಲಾಗಿದ್ದು ಚಳಿಯೊಂದೇ. ಮತ್ತೊಮ್ಮೆ ಅರ್ಧ ತಟ್ಟೆಗಳನ್ನು ಬೆಚ್ಚಗೆ, ಅರ್ಧವನ್ನು ತಂಪಿಗೆ ಇಟ್ಟು ನೋಡಿದಳು. ತಂಪಿನವೇ ನೀಲಿಯಾದವು.

ಸಭೆಯಲ್ಲಿ ನಿರ್ದೇಶಕರು, “ಶಭಾಷ್! ಕೋಣೆ ನಿಮ್ದೇ. ಈ ಸಲ ಏನು ಬದಲಾಯಿಸಿದ್ರಿ?” ಎಂದರು.

ಎಲ್ಲಾ ನನ್ನದೇ ಯೋಚನೆ ಎನ್ನುವ ಮಾತು ಆಕೆಯ ನಾಲಿಗೆ ತುದಿಗೆ ಬಂದಿತ್ತು. ಎದುರಿಗೆ ಆಲೂಗಡ್ಡೆಯವರು ಸಪ್ಪೆ ಮೋರೆ ಹಾಕಿ ಕೂತಿದ್ದರು. ಬೈಸಿಕೊಂಡ ದಿನದಿಂದ ಆಕೆಯನ್ನು ಕಂಡರೆ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದರು. ಆಕೆಗೆ ನಾಚಿಕೆಯಾಯಿತು.

“ನಾನಲ್ಲ ಸರ್. ಎಸಿ ತಗ್ಗಿಸಿದ್ದು ಇವರು. ತಂಪಿದ್ರೇನೇ ಬ್ಯಾಕ್ಟೀರಿಯಾ ಕೆಲಸ ಮಾಡೋದು. ಪ್ರಬಂಧದಲ್ಲಿ ಇವರ ಹೆಸರೂ ಹಾಕ್ಬೇಕು.”

ಎಲ್ಲರೂ ಅವರತ್ತ ತಿರುಗಿದರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡದ್ದು ಆಲೂಗಡ್ಡೆಯವರಿಗೆ ನಿಧಾನವಾಗಿ ಹೊಳೆಯಿತು.

“ಹಾಗಾದ್ರೆ ಕೋಣೆ ತಪ್ಪಿದ್ದು ನನ್ನ ಕೈಯಿಂದ್ಲೇನಾ ಮೇಡಂ?”

“ಹೌದು. ನಿಮ್ಮಿಂದ ತುಂಬಾ ಉಪಕಾರ ಆಯ್ತು,” ಎಂದಳು ನಿಂಬೆ ಮೇಡಂ, ಪೂರ್ತಿ ಮನಸ್ಸಿನಿಂದಲೇ.