ಉಂಗುರದ ಕೆಳಗಿನ ಕೆಂಪು ಚುಕ್ಕಿ

ರೇಷ್ಮೆಗೆ ನೀರು ತಾಗಿದರೆ ಒಂದು ವಾಸನೆ ಏಳುತ್ತದೆ. ಅದನ್ನು ಸುವಾಸನೆ ಎಂದರೆ ನೇಯುವವರೇ ನಕ್ಕಾರು. ಹುಳದ ವಾಸನೆ, ಗಂಜಿಯ ವಾಸನೆ, ಸೋಪಿನ ನೀರಿನಲ್ಲಿ ನೂಲು ಬೇಯಿಸಿದ ಹಂಡೆಯ ವಾಸನೆ ಎಲ್ಲವೂ ಅದರೊಳಗಿವೆ. ಹೋದ ವರ್ಷ ಚಳ್ಳಕೆರೆಯ ನನ್ನ ಹೊಲಿಗೆ ಅಂಗಡಿಯ ಶೀಟು ಸೋರಿ ಮೂಲೆಯಲ್ಲಿದ್ದ ಟ್ರಂಕಿನೊಳಕ್ಕೆ ನೀರಿಳಿದಿತ್ತು. ನಮ್ಮ ಕಡೆ ಮಳೆ ಬರುವುದೇ ಅಪರೂಪ. ಬಂದದ್ದು ಸರಿಯಾಗಿ ನನ್ನ ಟ್ರಂಕನ್ನೇ ಹುಡುಕಿಕೊಂಡು ಬಂತು. ಬೈದುಕೊಳ್ಳುತ್ತಲೇ ಮುಚ್ಚಳ ಎತ್ತಿದೆ. ಆ ವಾಸನೆ ಮುಖಕ್ಕೆ ಬಡಿದ ಕೂಡಲೇ ಬೈಗುಳ ಅಲ್ಲೇ ನಿಂತಿತು. ಮೊಳಕಾಲ್ಮೂರಿನ ನಮ್ಮ ಮನೆ, ಅದರ ಎರಡು ಗುಂಡಿ ಮಗ್ಗ, ಗೋಡೆಯ ಗೂಡಿನಲ್ಲಿ ಆರಿದ ದೀಪ, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ಪೆದ್ದಮ್ಮ, ಎಲ್ಲ ಒಟ್ಟಿಗೇ ಎದ್ದು ಬಂದವು. ಟ್ರಂಕಿನ ತಳದಲ್ಲಿ ಅವಳು ನೇಯ್ದ ಸೀರೆ ಇತ್ತು. ಕಪ್ಪಿಗೆ ಹತ್ತಿರದ ನೀಲಿ, ಅದರ ತುಂಬ ಬೆಳ್ಳಿ ಜರಿಯ ಬುಟ್ಟಾ. ನೇಯ್ದ ದಿನದಿಂದ ಅದನ್ನು ಯಾರೂ ಉಟ್ಟಿರಲಿಲ್ಲ.

ಪೆದ್ದಮ್ಮ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಅರ್ಧ ತೆಲುಗು, ಅರ್ಧ ಕನ್ನಡ. ನಾನು ಹುಟ್ಟುವ ಮೊದಲೇ ದೊಡ್ಡಪ್ಪ ತೀರಿಕೊಂಡಿದ್ದರು. ಒಂದು ಮಗ್ಗದಲ್ಲಿ ಅಪ್ಪ, ಅವ್ವ ಸರದಿಯಲ್ಲಿ ಕೂರುತ್ತಿದ್ದರು, ಇನ್ನೊಂದು ಪೆದ್ದಮ್ಮನದು. ಅಪ್ಪನ ತಮ್ಮ ಚಿನ್ನಾನ್ನ ಮಾತ್ರ ಮಗ್ಗಕ್ಕೆ ಒಗ್ಗದವನು. ಬೋರ್‌ವೆಲ್ ಮೋಟಾರು ರಿಪೇರಿ ಮಾಡಿಕೊಂಡು ಹಳ್ಳಿಹಳ್ಳಿ ತಿರುಗುತ್ತಿದ್ದ. ಹಾಗೆ ತಿರುಗುವಾಗಲೇ ಅವನಿಗೆ ನಕ್ಷತ್ರದ ಹುಚ್ಚು ಹಿಡಿದದ್ದು. ಉಳ್ಳಾರ್ತಿ ಕಾವಲಿನ ಹುಲ್ಲಿನ ನಡುವೆ ಸೈಕಲ್ ಪಂಕ್ಚರ್ ಆಗಿ ಒಂದು ಸಂಜೆ ಕೂತಿದ್ದನಂತೆ. ಕತ್ತಲಾಗುತ್ತಿದ್ದ ಹಾಗೆ ತಲೆಯ ಮೇಲೆ ನಕ್ಷತ್ರಗಳು ಒಂದೊಂದಾಗಿ ಹತ್ತಿಕೊಂಡದ್ದನ್ನು ನೋಡಿ, ಪಂಕ್ಚರ್ ಹಾಕುವುದನ್ನೇ ಮರೆತನಂತೆ. ಮನೆಗೆ ಬಂದವನು ಮೂರು ದಿನ ಅದನ್ನೇ ಹೇಳಿದ. ಅವ್ವ, "ಇವನಿಗೆ ಮದ್ವೆ ಮಾಡ್ಬೇಕು" ಅಂದಳು. ಪೆದ್ದಮ್ಮ ಲಾಳಿ ನಿಲ್ಲಿಸಿ, "ಆಮೇಲೆ ಏನಾತು, ಹೇಳು" ಅಂದಳು.

ಚಳ್ಳಕೆರೆಯ ಗುಜರಿ ಅಂಗಡಿಯಲ್ಲಿ ಅವನಿಗೆ ಯಾವುದೋ ಹಳೇ ದುರ್ಬೀನಿನ ದೊಡ್ಡ ಗಾಜು ಸಿಕ್ಕಿತು. ಅಂಗಡಿಯ ಭಾಯಿ ಅದನ್ನು ಕಾಗದ ಹಾರದಂತೆ ರಸೀದಿಗಳ ಮೇಲೆ ಹೇರಿಟ್ಟುಕೊಂಡಿದ್ದನಂತೆ. ಗಾಜನ್ನು ಬಿಸಿಲಿಗೆ ಹಿಡಿದರೆ ಮೂರು ಮೊಳ ದೂರದ ಗೋಡೆಯ ಮೇಲೆ ಸೂರ್ಯ ಕಡಲೆಕಾಳಿನಷ್ಟಾಗಿ ಬೀಳುತ್ತಿದ್ದ. ಬೋರ್‌ವೆಲ್ ಪೈಪಿನ ಒಂದು ತುಂಡು, ಒಳಗೆ ದೀಪದ ಕಾಡಿಗೆ, ಆಸರೆಗೆ ಮುರಿದ ಮಗ್ಗದಿಂದ ಕಿತ್ತ, ಸೀರೆ ಸುತ್ತಿಕೊಳ್ಳುವ ಮರದ ದಿಂಡು, ಇಷ್ಟರಲ್ಲಿ ದುರ್ಬೀನು ನಿಂತಿತು. ಆದರೆ ಕಣ್ಣಿಡುವ ತುದಿಗೆ ಇನ್ನೊಂದು ಪುಟ್ಟ ಗಾಜು ಬೇಕಿತ್ತು. ಅಂಥದ್ದು ಮನೆಯಲ್ಲಿ ಒಂದೇ ಇದ್ದದ್ದು: ನೇಯ್ಗೆಯ ಎಳೆ ಎಣಿಸಲು ಪೆದ್ದಮ್ಮ ಇಟ್ಟುಕೊಂಡಿದ್ದ ಹಿತ್ತಾಳೆ ಅಂಚಿನ ಭೂತಗನ್ನಡಿ. ಆ ಹೊತ್ತಿಗಾಗಲೇ ಅವಳ ಕಣ್ಣು ಮಸುಕಾಗುತ್ತಿತ್ತು; ಎಳೆ ತಪ್ಪಿತೇ ಎಂದು ನೋಡಲು ಅದೇ ಅವಳ ಕಣ್ಣು. ಮೊದಮೊದಲು ಅದು ಹಗಲು ಮಗ್ಗದಲ್ಲಿ, ಸಂಜೆ ಪೈಪಿನಲ್ಲಿ ಇರುತ್ತಿತ್ತು. ದಿನಾ ಬಿಚ್ಚಿ ಕೂಡಿಸುವಾಗ ಗಾಜು ವಾರೆಯಾಗಿ ಚಿನ್ನಾನ್ನ ಒದ್ದಾಡುವುದನ್ನು ನೋಡಿ ಪೆದ್ದಮ್ಮನೇ ಅಂದಳು: "ಅರಗು ಹಾಕಿ ಅಂಟಿಸಿ ಬಿಡು. ಎಳೆ ನನ್ನ ಬೆರಳಿಗೆ ಗೊತ್ತೈತೆ."

ಚಿನ್ನಾನ್ನ ಅಂಟಿಸಿದ, ಆದರೆ ಒಂದು ಷರತ್ತಿನ ಮೇಲೆ. ಅತ್ತಿಗೆಯನ್ನು ಅವನು ತೆಲುಗಿನಲ್ಲಿ ವದಿನಾ ಎಂದೇ ಕರೆಯುತ್ತಿದ್ದ. "ನಿನಗೆ ಶನಿಯ ಉಂಗುರ ತೋರ್ಸ್ತೀನಿ ವದಿನಾ. ಅದು ನಿನಗೇ ಕಾಣ್ದಿದ್ರೆ ಈ ಪೈಪು ಇದ್ದೇನು ಬಂತು? ಅವತ್ತೇ ಒಡೆದು ನಿನ್ನ ಗಾಜು ನಿನ್ನ ಕೈಗಿಡ್ತೀನಿ." ಅವನು ತಮಾಷೆಗೆ ಹೇಳುವವನಲ್ಲ. ಒಮ್ಮೆ ಸಿಟ್ಟಿಗೆ ತನ್ನ ಸೈಕಲ್ಲನ್ನೇ ಕೆರೆಗೆ ನೂಕಿ ಬಂದವನು.

ನಮ್ಮ ಮನೆ ಊರ ಹೊರಗೆ ಬಸ್ಸಿನ ದಾರಿಯ ಪಕ್ಕದಲ್ಲಿತ್ತು. ದೀಪ ಹಚ್ಚುವ ಹೊತ್ತಿಗೆ ಮಗ್ಗದ ಸದ್ದು ನಿಂತು, ಅಂಗಳದಲ್ಲಿ ದುರ್ಬೀನು ಏಳುತ್ತಿತ್ತು. ಮೊದಲು ಅಕ್ಕಪಕ್ಕದವರು ಬಂದರು. ಆಮೇಲೆ ಶೇಂಗಾ ಮೂಟೆ ಹೇರಿಕೊಂಡು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಹೋಗುವ ಲಾರಿಯವರು, ನನ್ನಿವಾಳದ ಕಡೆಯಿಂದ ಕುರಿ ಹೊಡೆದುಕೊಂಡು ಬಂದವರು, ಬಳೆ ಮಾರುವ ಹೆಂಗಸರು ನಿಂತರು. "ಏನ್ರಿ ಇದು, ತೋಪಾ?" ಎಂದು ಕೇಳದವರಿಲ್ಲ. ಚಿನ್ನಾನ್ನ ಯಾರನ್ನೂ ಊರು ಕೇರಿ ಕೇಳಲಿಲ್ಲ. ತೋಳು ಹಿಡಿದು ಕರೆತಂದು, "ಒಂದ್ ಕಣ್ಣು ಮುಚ್ರಿ, ಉಸಿರು ಹಿಡೀರಿ, ನೋಡ್ರಿ" ಎನ್ನುತ್ತಿದ್ದ. ಚಂದ್ರನ ಗುಂಡಿಗಳನ್ನು ಕಂಡ ಲಾರಿ ಡ್ರೈವರೊಬ್ಬ, "ನಮ್ ರೋಡೇ ವಾಸಿ ಬಿಡ್ರಿ" ಅಂದದ್ದು ನಮ್ಮ ಮನೆಯಲ್ಲಿ ಬಹಳ ವರ್ಷ ಓಡಿದ ಮಾತು.

ನಮ್ಮ ಮನೆಯಲ್ಲಿ ಬಂದವರ ಊಟವಾದ ಮೇಲೇ ಮನೆಯವರ ಊಟ. ಪೆದ್ದಮ್ಮ ಆ ಕಟ್ಟಳೆಯನ್ನು ದುರ್ಬೀನಿಗೂ ತಂದಳು. ಬಂದವರು ಮೊದಲು, ಮಕ್ಕಳು ಆಮೇಲೆ, ಮನೆಯ ದೊಡ್ಡವರು ಕೊನೆಗೆ. ಎಲ್ಲರ ಕೊನೆಗೆ ಅವಳು. ಸಾಲಿನಲ್ಲಿ ನಿಂತವರ ಕೈಗೆ ಹುರಿದ ಶೇಂಗಾ, ಬೆಲ್ಲದ ಚೂರು ಹಾಕುತ್ತಾ ಓಡಾಡುತ್ತಿದ್ದಳು. ಚಿನ್ನಾನ್ನ, "ನೀನು ಬಾ ವದಿನಾ" ಎಂದು ಕೂಗಿದಾಗೆಲ್ಲ ಯಾರಾದರೊಬ್ಬರು ಹೊಸಬರು ಅಂಗಳಕ್ಕೆ ಬಂದಿರುತ್ತಿದ್ದರು. ಅವರಿಗೆ ಜಾಗ ಬಿಟ್ಟು ಅವಳು ಹಿಂದೆ ಸರಿಯುವಳು. ಚಂದ್ರ ಕಾಯುತ್ತಾನೆ. ಶನಿ ಕಾಯುವುದಿಲ್ಲ, ಪಡುವಣದ ಗುಡ್ಡದ ಹಿಂದೆ ಇಳಿದುಬಿಡುತ್ತಿದ್ದ.

ಶನಿಯನ್ನು ಮೊದಲ ಸಲ ತೋರಿಸಿದ ಸಂಜೆ ಚಿನ್ನಾನ್ನ ದೊಡ್ಡ ತಪ್ಪು ಮಾಡಿದ. ಹೆಸರು ಹೇಳಿಬಿಟ್ಟ. ಶನಿ ಎಂದ ಕೂಡಲೇ ಅಷ್ಟುದ್ದ ಸಾಲು ಬಿಸಿಲಿಗಿಟ್ಟ ಬೆಣ್ಣೆಯಾಯಿತು. ಒಬ್ಬ ಹೆಂಗಸು ಮಗುವಿನ ಕಣ್ಣಿಗೆ ಸೆರಗು ಮುಚ್ಚಿ ಹೊರಟೇಹೋದಳು. ಆಗ ಪೆದ್ದಮ್ಮ ಶೇಂಗಾ ಮೊರ ಕೆಳಗಿಟ್ಟು, ಯಾರಿಗೂ ಬುದ್ಧಿ ಹೇಳುವವಳಂತಲ್ಲದೆ, ಸುಮ್ಮನೆ ಅಂದಳು: "ಅವನು ನಮ್ಮನ್ನ ನೋಡ್ತಾನೆ ಅಂತ ಹುಟ್ಟಿದಾಗಿಂದ ಹೆದರ್ತಾ ಬಂದ್ವಿ. ಒಂದ್ ಸಲ ನಾವೂ ಅವನ್ನ ನೋಡೋಣ ಬರ್ರಿ." ಮೊದಲು ಒಬ್ಬ ಕುರುಬಜ್ಜ ನಕ್ಕು ಮುಂದೆ ಬಂದ. ಆಮೇಲೆ ಸಾಲು ಮತ್ತೆ ಬೆಳೆಯಿತು.

ನೋಡಿ ಎದ್ದವರನ್ನೆಲ್ಲ ಅವಳು ಕೇಳುತ್ತಿದ್ದಳು: "ಹೆಂಗೈತೆ?" ಕುರುಬಜ್ಜ, "ಕಿವಿ ಇರೋ ಗುಂಡು ಕಣವ್ವ" ಅಂದ. ಬಳೆಯವಳು, ಬೆಳ್ಳಿ ಬಳೆಯೊಳಗೆ ಶೇಂಗಾ ಬೀಜ ಇಟ್ಟ ಹಾಗಿದೆ ಅಂದಳು. ಲಾರಿಯವನೊಬ್ಬ, ಮುಚ್ಚಳ ಜಾರಿದ ಗಡಿಗೆ ಅಂದ. ಪೆದ್ದಮ್ಮ ಒಂದೊಂದನ್ನೂ ತಲೆದೂಗಿ ಕೇಳುವಳು. ಮಾತಿನ ಆಸೆ ಅವಳಿಗೆ, ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಕೊನೆಗೆ ಒಂದು ಸಂಜೆ ಚಿನ್ನಾನ್ನ ಸಾಲಿಗೆ ಅಡ್ಡ ನಿಂತುಬಿಟ್ಟ. "ಇವತ್ತು ಮೊದ್ಲು ನಮ್ ವದಿನ. ಆಮೇಲೆ ದೇವರೇ ಬಂದ್ರೂ ಸರಿ." ಬಂದವರೂ ಅವಳನ್ನು ಮುಂದೆ ತಳ್ಳಿದರು. ಪೆದ್ದಮ್ಮ ಸೆರಗಿಗೆ ಕೈ ಒರೆಸಿಕೊಂಡು, ದೇವರಿಗೆ ಬಾಗುವಂತೆ ಬಾಗಿ ಕಣ್ಣಿಟ್ಟಳು. ಬಹಳ ಹೊತ್ತು ಇಟ್ಟಳು. ಅಂಗಳದಲ್ಲಿ ಯಾರೂ ಶೇಂಗಾ ಕೂಡ ಅಗಿಯಲಿಲ್ಲ. ಚಿನ್ನಾನ್ನ ಅವಳ ಪಕ್ಕಕ್ಕೆ ಬಾಗಿ ಕೇಳಿದ: "ಕಾಣ್ತಾ ಐತಾ ವದಿನಾ?" ಅವಳು ಕಣ್ಣು ತೆಗೆಯದೆಯೇ, "ಕಾಣ್ತೈತೆ. ಎಷ್ಟು ಚೆಂದ ಐತಪ್ಪಾ" ಅಂದಳು. ಚಿನ್ನಾನ್ನ ಎಲ್ಲರೆದುರೇ ಅತ್ತುಬಿಟ್ಟ. ಪೈಪು ಒಡೆಯುವ ಮಾತು ಅಲ್ಲಿಗೆ ಮುಗಿಯಿತು.

ಅದಾದ ಮೇಲೆ ಅವಳು ಆ ನೀಲಿ ಸೀರೆಯ ಹಾಸು ಹೂಡಿದಳು. ಗ್ರಾಫ್ ಹಾಳೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಇದ್ದಿಲ ಚುಕ್ಕಿ ಇಟ್ಟು ತಾನೇ ಬುಟ್ಟಾ ಬರೆದಳು: ಒಂದು ಬೆಳ್ಳಿ ಗುಂಡು, ಅದರ ಸುತ್ತ ವಾರೆಯಾಗಿ ಒಂದು ಉಂಗುರ. ಒಂದೊಂದು ಬುಟ್ಟಾಕ್ಕೂ ಜರಿ ಸುತ್ತಿದ ಬೇರೆ ಬೇರೆ ಕಂಡಿಕೆ ಹಿಡಿದು, ಬೆರಳಿನಲ್ಲೇ ಎಳೆ ಎಣಿಸಿ ನೇಯ್ದಳು. ಪ್ರತಿ ಉಂಗುರದ ಕೆಳಗೆ ಎಳ್ಳಿನಷ್ಟು ಕೆಂಪು ಚುಕ್ಕಿ ಬೇರೆ. ಅಂಚಿನ ಕೆಂಪು ನೂಲು ಮಿಕ್ಕಿರಬೇಕು ಅಂದಳು ಅವ್ವ. ಸೀರೆಯನ್ನು ಬಿಚ್ಚಿ ಹಾಸಿದಾಗ ನಮ್ಮಿಂದ ಸೀರೆ ಕೊಳ್ಳುವ ಸಾಹುಕಾರರು ಕಣ್ಣರಳಿಸಿದರು. ಮದುವೆ ಹೆಣ್ಣಿಗೆ ಹೇಳಿ ಮಾಡಿಸಿದ ಹಾಗಿದೆ, ಇದು ಯಾವ ಬುಟ್ಟಾ, ಎಂದು ಕೇಳಿದರು. ಚಿನ್ನಾನ್ನನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಎದೆಯುಬ್ಬಿಸಿ, "ಶನಿ ಸ್ವಾಮೀ" ಅಂದ. ಸಾಹುಕಾರರು ಸೀರೆಯಿಂದ ಕೈ ತೆಗೆದ ವೇಗ ನನಗಿನ್ನೂ ನೆನಪಿದೆ. ಮೈತುಂಬ ಶನಿ ಹೊದ್ದು ಹಸೆಮಣೆ ಏರುವ ಹುಡುಗಿ ನಮ್ಮ ಸೀಮೆಯಲ್ಲಿ ಎಲ್ಲಿ ಸಿಕ್ಕಾಳು? ಸೀರೆ ಮನೆಗೇ ಉಳಿಯಿತು. ಪೆದ್ದಮ್ಮ ನಕ್ಕು ಮಡಚಿ ಟ್ರಂಕಿನಲ್ಲಿಟ್ಟಳು.

ಎರಡು ವರ್ಷದೊಳಗೆ ಅವಳಿಗೆ ಬಾಗಿಲ ಬೆಳಕೂ ಗುರುತು ಸಿಗದಂತಾಯಿತು. ಕಣ್ಣಿನ ಡಾಕ್ಟರು, ಪೊರೆಯಲ್ಲ, ಒಳಗಿನ ನರವೇ ಒಣಗಿದೆ, ಬಹಳ ಹಿಂದೆಯೇ ಶುರುವಾಗಿದೆ ಅಂದರು. ಎಷ್ಟು ಹಿಂದೆ ಎಂದು ನಾವ್ಯಾರೂ ಕೇಳಲಿಲ್ಲ. ಆಮೇಲೆಯೂ ಅವಳು ಸಂಜೆಯಾದರೆ ಅಂಗಳದ ಕಟ್ಟೆಗೆ ಬಂದು ಕೂತು, ನೋಡಿ ಎದ್ದವರನ್ನು "ಹೆಂಗೈತೆ?" ಎಂದು ಕೇಳುವುದನ್ನು ಬಿಡಲಿಲ್ಲ. ಅವಳು ಹೋದಳು, ಅಪ್ಪ ಅವ್ವನೂ ಹೋದರು. ಮಗ್ಗದ ಗುಂಡಿ ಮುಚ್ಚಿ, ಮನೆ ಕೈಬಿಟ್ಟು, ಅಲ್ಲಿ ಈಗ ಟೈಲ್ಸ್ ಅಂಗಡಿಯಾಗಿದೆ. ಕಾವಲಿನ ಬಯಲಿಗೂ ಈಗ ಬೇಲಿ, ದೊಡ್ಡ ದೊಡ್ಡ ದೀಪ ಬಂದಿವೆ. ಚಿನ್ನಾನ್ನ ಸೈಕಲ್ ನಿಲ್ಲಿಸಿ ಕೂತ ಆ ಕತ್ತಲೆಯನ್ನು ಹುಡುಕಿದರೂ ಸಿಗುವುದಿಲ್ಲ. ಅವನು ಕೊನೆಯಲ್ಲಿ ದುರ್ಬೀನನ್ನು ನನ್ನ ಅಂಗಡಿಗೇ ತಂದು ಒರಗಿಸಿ, "ಬಂದೋರಿಗೆ ಮೊದ್ಲು ತೋರ್ಸು ಪಾಪಾ" ಎಂದು ಹೇಳಿ ಹೋದ. ಅಂದಿನಿಂದ ಅಂಗಡಿ ಮುಚ್ಚಿದ ಸಂಜೆಗಳಲ್ಲಿ ಮಾರ್ಕೆಟ್ ಯಾರ್ಡಿನ ಪಕ್ಕದ ಬಯಲಲ್ಲಿ ಅದನ್ನು ನಿಲ್ಲಿಸುತ್ತೇನೆ. ಆಟೋದವರು, ಹಮಾಲರು, ಬಸ್ಸು ತಪ್ಪಿಸಿಕೊಂಡವರು ನೋಡುತ್ತಾರೆ.

ಮಳೆಗೆ ನೆನೆದ ಸೀರೆ ಆರಿದ ಮೇಲೆ ಮತ್ತೆ ಟ್ರಂಕಿಗೆ ಹಾಕಲು ಮನಸ್ಸು ಬರಲಿಲ್ಲ. ಶನಿಯೋ ಗಿನಿಯೋ, ನೋಡೇಬಿಡೋಣ ಎಂದು ಉಟ್ಟುಕೊಂಡೇ ಬಯಲಿಗೆ ಹೋದೆ. ಅಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುವ ಹೆಂಗಸೊಬ್ಬಳು ಸಾಲಿನಲ್ಲಿದ್ದಳು. ದಿನವಿಡೀ ಕಾಳಿನಿಂದ ಕಲ್ಲು ಆರಿಸುವ ಕಣ್ಣು ಅವಳದು. ದುರ್ಬೀನಿನಲ್ಲಿ ನೋಡಿದಳು, ಎದ್ದು ನನ್ನ ಸೆರಗು ನೋಡಿದಳು, ಮತ್ತೆ ಬಾಗಿ ನೋಡಿದಳು. "ಅಕ್ಕಾ, ನಿಮ್ ಸೀರ್ಯಾಗಿರೋದು ಇದೇ ಅಲ್ವಾ? ಆದ್ರೆ ಇಲ್ಲಿ ಕೆಳಗೆ ಕೆಂಪು ಚುಕ್ಕಿ ಐತೆ. ಅಲ್ಲಿ ಇಲ್ವಲ್ಲ?"

ನಾನು ಸೆರಗೆತ್ತಿ ಆ ಚುಕ್ಕಿಯ ಮೇಲೆ ಬೆರಳಿಟ್ಟೆ. ಆಗ ನೆನಪಾಯಿತು.

ಪೆದ್ದಮ್ಮ ಉಂಗುರ ಕಂಡ ಮಾರನೆಯ ಬೆಳಿಗ್ಗೆ ನಾನು ಅವಳ ಪಕ್ಕ ಕೂತು ಕಂಡಿಕೆ ಸುತ್ತುತ್ತಿದ್ದೆ. ನನಗಾಗ ಒಂಬತ್ತು ವರ್ಷ. ಅವಳು ಮೆಲ್ಲಗೆ, "ಪಾಪಾ, ನಿನಗೆ ಹೆಂಗೆ ಕಾಣ್ತು, ಸರಿಯಾಗಿ ಹೇಳು" ಅಂದಳು. ನಾನು ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ದೊಡ್ಡವರಿಗಿಂತ ಹೆಚ್ಚು ಕಂಡವಳಾಗುವ ಆಸೆ. "ಉಂಗುರದ ಕೆಳಗೆ ಒಂದು ಕೆಂಪು ಚುಕ್ಕಿ ಐತೆ ಪೆದ್ದಮ್ಮ. ಅದು ನನಗೊಬ್ಬಳಿಗೇ ಕಾಣ್ಸಿದ್ದು" ಎಂದು ಬುರುಡೆ ಬಿಟ್ಟೆ. ಅವಳು ಲಾಳಿ ನಿಲ್ಲಿಸಿ ಕೇಳಿದಳು: "ಎಷ್ಟು ದೊಡ್ಡದು?" "ಎಳ್ಳಿನಷ್ಟು." "ಎಲ್ಲಿ, ಎಡಕ್ಕಾ ಬಲಕ್ಕಾ?" "ನಡುವೆ." ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಅದನ್ನು ಮರೆತಿದ್ದೆ.

ಅವಳು ಮರೆತಿರಲಿಲ್ಲ. ಕುರುಬಜ್ಜನ ಕಿವಿ, ಬಳೆಯವಳ ಬಳೆ, ಲಾರಿಯವನ ಮುಚ್ಚಳ, ನನ್ನ ಸುಳ್ಳು, ಎಲ್ಲವನ್ನೂ ನಂಬಿ ನೇಯ್ದಿದ್ದಳು. ಅವಳಿಗೆ ಅಂದು ಏನೂ ಕಂಡಿರಲಿಲ್ಲ. ಕಾಣಲಿಲ್ಲ ಎಂದಿದ್ದರೆ ಚಿನ್ನಾನ್ನ ಅಂದೇ ಪೈಪು ಒಡೆದು ಗಾಜು ಕೈಗಿಡುತ್ತಿದ್ದ. ಅಂಗಳ ಖಾಲಿಯಾಗುತ್ತಿತ್ತು. ಅದಕ್ಕೇ ಕಂಡೆ ಅಂದಳು. ಇಷ್ಟು ವರ್ಷ ಅವಳ ಗಾಜಿನಲ್ಲೇ ನೋಡಿದ ನನಗೆ ಅದು ಕಾಣದೇಹೋಯಿತಲ್ಲ.

"ಯಾರು ನೇಯ್ದಿದ್ದಕ್ಕಾ?" ಮಿಲ್ಲಿನವಳು ಸೆರಗು ಸವರಿ ಕೇಳಿದಳು. "ನಮ್ಮ ಪೆದ್ದಮ್ಮ" ಅಂದೆ. ಹಿಂದೆ ನಿಂತವರು ಅವಸರ ಮಾಡಿದರು. ಅವಳು ಪಕ್ಕಕ್ಕೆ ಸರಿದಳು. ನಾನು ಮುಂದಿನವರ ತೋಳು ಹಿಡಿದು ಕರೆದೆ.

ಎಲ್ಲರೂ ನೋಡಿ ಹೋದ ಮೇಲೆ, ಮನೆಯವಳಾದ ನಾನು ಕೊನೆಗೆ ಬಾಗಿ ಕಣ್ಣಿಟ್ಟೆ. ಹಿತ್ತಾಳೆಯ ಅಂಚು ಹುಬ್ಬಿಗೆ ತಣ್ಣಗೆ ತಾಗಿತು. ಉಂಗುರದ ಕೆಳಗೆ ಬರೀ ಕತ್ತಲೆ. ಶನಿ ಜಾಲಿ ಗಿಡಗಳ ಹಿಂದೆ ಇಳಿಯುವವರೆಗೂ ಆ ಕತ್ತಲೆಯಲ್ಲಿ ಒಂದು ಕೆಂಪು ಚುಕ್ಕಿಯನ್ನು ಹುಡುಕುತ್ತಲೇ ಇದ್ದೆ.